ನೆರಳಿನ ಕಡೆಯ ಕಿಟಕಿ

ಬೆಳಗಿನ ಹೊತ್ತು ಬೆಂಗಳೂರಿನಿಂದ ಮೈಸೂರಿಗೆ ಬಸ್ಸು ಹತ್ತುವವರು ಸೀಟು ಹಿಡಿಯುವ ಮುನ್ನ ಅರೆಗಳಿಗೆ ನಿಂತು ನೋಡುತ್ತಾರೆ: ಬಿಸಿಲು ಯಾವ ಕಡೆ ಹೊಡೆಯುತ್ತದೆ? ಬಸ್ಸು ಹೋಗುವುದು ನೈಋತ್ಯಕ್ಕೆ, ಸೂರ್ಯ ಇರುವುದು ಪೂರ್ವದಲ್ಲಿ. ಹಾಗಾಗಿ ಬಿಸಿಲು ಎಡಗಡೆ, ಟವೆಲ್ ಹಾಕಬೇಕಾದದ್ದು ಬಲಗಡೆ. ಈ ಲೆಕ್ಕವನ್ನು ಯಾರೂ ಶಾಲೆಯಲ್ಲಿ ಕಲಿತದ್ದಲ್ಲ, ಓಡಾಡಿ ರೂಢಿಯಾದದ್ದು. ಆದರೆ ಅದೇ ಜನ ಲಂಡನ್ನಿಗೋ ಫ್ರಾಂಕ್‌ಫರ್ಟಿಗೋ ಟಿಕೆಟ್ ತೆಗೆಸುವಾಗ ‘ಕಿಟಕಿ ಸೀಟು ಸಿಕ್ಕರೆ ಸಾಕು’ ಎಂದು ಸುಮ್ಮನಾಗುತ್ತಾರೆ. ಅಷ್ಟು ಸಾಲದು. ಮೂರು ಗಂಟೆಯ ಬಸ್ಸಿನಲ್ಲಿ ಯಾವ ಮಗ್ಗುಲು ಎಂದು ಯೋಚಿಸುವವರು ಹತ್ತು ಗಂಟೆಯ ವಿಮಾನದಲ್ಲಿ ಯೋಚಿಸದೆ ಇರುವುದು ದೊಡ್ಡ ನಷ್ಟ. ದೂರದ ಹಾರಾಟದಲ್ಲಿ ಹೊರಗಿನ ನೋಟ ಬೇಕೆನ್ನುವವರು ಮೊದಲು ತೀರ್ಮಾನಿಸಬೇಕಾದದ್ದು ಎಡವೋ ಬಲವೋ ಎಂಬುದನ್ನು. ಅದನ್ನು ತೀರ್ಮಾನಿಸುವುದು ಸೂರ್ಯ. ಯಾವ ಸಾಲು, ಯಾವ ಬೆಟ್ಟ, ಯಾವ ನದಿ ಎಂಬುದೆಲ್ಲ ಆಮೇಲಿನ ಮಾತು. ಬಸ್ಸಿನ ಹಳೆಯ ಲೆಕ್ಕವೇ ಇಲ್ಲಿಯೂ ಸರಿ: ನೆರಳಿನ ಕಡೆ ಕೂರಿ.

ಬಸ್ಸಿನಲ್ಲಿ ನೆರಳು ಹುಡುಕುವುದು ಸೆಕೆಗೆ ಹೆದರಿ. ವಿಮಾನದಲ್ಲಿ ಕಾರಣ ಬೇರೆ. 35,000 ಅಡಿ ಎತ್ತರದಿಂದ, ಅಂದರೆ ಹತ್ತೂಮುಕ್ಕಾಲು ಕಿಲೋಮೀಟರು ಮೇಲಿನಿಂದ, ಲೆಕ್ಕದ ಪ್ರಕಾರ ದಿಗಂತ ಸುಮಾರು 370 ಕಿ.ಮೀ. ದೂರವಿರುತ್ತದೆ. ಬೆಂಗಳೂರಿನ ಮೇಲೆ ಅಷ್ಟೆತ್ತರದಲ್ಲಿ ಹಾರುವವರಿಗೆ, ಗಾಳಿ ತಿಳಿಯಾಗಿದ್ದರೆ, ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಅರಬ್ಬಿ ಸಮುದ್ರ ಎರಡೂ ದಿಗಂತದ ಒಳಗೇ ಬರಬೇಕು. ಹಾಗೆ ಕಾಣದಿರುವುದಕ್ಕೆ ಅಡ್ಡಿ ದೂರವಲ್ಲ, ನಡುವಿನ ಗಾಳಿ. ಅದರಲ್ಲಿರುವ ದೂಳು, ಹೊಗೆ, ನೀರಾವಿಯ ಕಣಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚೆದರಿಸುತ್ತವೆ. ಸೂರ್ಯನಿಗೆ ಎದುರಾಗಿ ನೋಡಿದರೆ ಆ ಬೆಳಕೆಲ್ಲ ನೇರ ಕಣ್ಣಿಗೇ ಬಂದು, ಕೆಳಗಿನ ಊರು, ಹೊಲ, ಹೊಳೆಗಳ ಮೇಲೆ ಹಾಲಿನಂತಹ ಮಬ್ಬು ಕವಿಯುತ್ತದೆ. ಸೂರ್ಯನಿಗೆ ಬೆನ್ನು ಮಾಡಿ ಕೂತವರಿಗೆ ಅದೇ ಗಾಳಿ ಬಹಳ ತಿಳಿಯಾಗಿ ಕಾಣುತ್ತದೆ; ಮಣ್ಣಿನ ಕೆಂಪು, ಗದ್ದೆಯ ಹಸಿರು ತಮ್ಮ ಬಣ್ಣದಲ್ಲೇ ಉಳಿಯುತ್ತವೆ. ಬೆಟ್ಟಗಳ ಬೆಳಕು ಬಿದ್ದ ಮುಖವೂ ಇವರಿಗೇ ಕಾಣುವುದು. ಆಚೆ ಕಡೆಯವರಿಗೆ ಕಾಣುವುದು ಅದೇ ಬೆಟ್ಟಗಳ ಕಪ್ಪು ಬೆನ್ನು.

ಇದಕ್ಕೆ ಕಿಟಕಿಯ ರಚನೆಯೂ ಕೂಡಿಕೊಳ್ಳುತ್ತದೆ. ವಿಮಾನದ ಕಿಟಕಿಯಲ್ಲಿ ಸಾಮಾನ್ಯವಾಗಿ ಮೂರು ಪದರಗಳಿರುತ್ತವೆ. ಹೊರಗಿನದು ಒಳಗಾಳಿಯ ಒತ್ತಡವನ್ನು ಹೊರುತ್ತದೆ. ನಡುವಿನದು ಅದಕ್ಕೆ ಆಪತ್ತಿನ ಆಸರೆ. ಒಳಗಿನದು ನಮ್ಮ ಹಣೆ, ಬೆರಳು, ಮಕ್ಕಳ ಅಂಗೈ ತಾಗುವ ಬರೀ ಪ್ಲಾಸ್ಟಿಕ್ ಹಲಗೆ. ನಡುವಿನ ಪದರದ ಕೆಳಭಾಗದಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ತೂತೊಂದನ್ನು ಬೇಕೆಂದೇ ಕೊರೆದಿರುತ್ತಾರೆ. ಒತ್ತಡವೆಲ್ಲ ಹೊರಪದರದ ಮೇಲೇ ಬೀಳಲಿ, ಪದರಗಳ ನಡುವೆ ಮಂಜು ಕಟ್ಟದಿರಲಿ ಎಂದು. ಹೊರಗೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿ. ಒಳಗಿನ ತೇವದ ಗಾಳಿ ಆ ತೂತಿನಿಂದ ನುಸುಳಿ, ಅದರ ಸುತ್ತ ಎಸಳೆಸಳಾಗಿ ಹೆಪ್ಪುಗಟ್ಟಿ ಸಣ್ಣದೊಂದು ರಂಗೋಲಿಯಾಗುತ್ತದೆ. ನೆರಳಿನ ಕಡೆ ಕೂತವರಿಗೆ ಅದು ಹತ್ತಿರದಿಂದ ನೋಡುವ ಚೆಲುವು. ಬಿಸಿಲ ಕಡೆಯಾದರೆ ಆ ಎಸಳು, ಹಿಂದಿನ ಪ್ರಯಾಣಿಕರು ಬಿಟ್ಟುಹೋದ ಬೆರಳ ಗುರುತು, ವರ್ಷಗಟ್ಟಲೆ ಉಜ್ಜಿ ಆದ ಗೀರುಗಳು ಎಲ್ಲವೂ ಒಮ್ಮೆಗೇ ಹೊತ್ತಿಕೊಂಡು ಕಿಟಕಿ ಕುರುಡಾಗುತ್ತದೆ.

ಹಾಗಾದರೆ ನೆರಳು ಯಾವ ಕಡೆ? ಹೋಗುವ ದಿಕ್ಕಿಗೆ ಮುಖಮಾಡಿ ನಿಂತೆವೆಂದು ಭಾವಿಸಿದರೆ ಸಾಕು. ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರದಲ್ಲಿ ನಡುಹಗಲಿನ ಸೂರ್ಯ ಯಾವಾಗಲೂ ದಕ್ಷಿಣಕ್ಕೇ ಇರುತ್ತಾನೆ. ಆದ್ದರಿಂದ ಹಗಲಲ್ಲಿ ಪಶ್ಚಿಮಕ್ಕೆ ಹೋಗುವವರಿಗೆ ನೆರಳು ಬಲಗಡೆ, ಪೂರ್ವಕ್ಕೆ ಹೋಗುವವರಿಗೆ ಎಡಗಡೆ. ಸೀಟಿನ ಅಕ್ಷರ ನೋಡಿದರೆ ‘ಎ’ ಎಡಗಡೆಯ ಕಿಟಕಿ. ಬಲಗಡೆಯದು ಸಣ್ಣ ವಿಮಾನಗಳಲ್ಲಿ ‘ಎಫ್’, ದೊಡ್ಡವುಗಳಲ್ಲಿ ಬಹುಪಾಲು ‘ಕೆ’. ಬೆಂಗಳೂರು–ಲಂಡನ್ ಹಾರಾಟವನ್ನೇ ತೆಗೆದುಕೊಳ್ಳೋಣ. ಸುಮಾರು 8,000 ಕಿ.ಮೀ. ದೂರ, ವಾಯವ್ಯ ದಿಕ್ಕು, ಹತ್ತು ಗಂಟೆಗೂ ಹೆಚ್ಚು ಹೊತ್ತು. ಎರಡು ಊರುಗಳ ನಡುವಿನ ರೇಖಾಂಶದ ಅಂತರ ಸುಮಾರು 78 ಡಿಗ್ರಿ, ಅಂದರೆ ಸೂರ್ಯನ ಗಡಿಯಾರದಲ್ಲಿ ಐದು ಗಂಟೆ. ಹತ್ತೂವರೆ ಗಂಟೆ ಹಾರಿದರೂ ಬಾನಿನಲ್ಲಿ ಸೂರ್ಯ ಐದೂವರೆ ಗಂಟೆಯಷ್ಟೇ ಸರಿದಿರುತ್ತಾನೆ. ಬೆಳಗ್ಗೆ ಹೊರಟ ವಿಮಾನದಲ್ಲಿ ಮೊದಲ ಒಂದೆರಡು ಗಂಟೆ ಬಿಸಿಲು ಬಲಗಡೆಯ ಹಿಂಬದಿಯಿಂದ ಬೀಳುತ್ತದೆ, ನಂತರ ನಿಧಾನವಾಗಿ ಬಾಲದ ಹಿಂದಕ್ಕೆ ಜಾರುತ್ತದೆ, ಯುರೋಪಿನ ಮೇಲೆ ಬರುವ ಹೊತ್ತಿಗೆ ಎಡಗಡೆಗೆ ದಾಟಿರುತ್ತದೆ. ಮಧ್ಯಾಹ್ನ ಹೊರಟರಂತೂ ಹಾದಿಯುದ್ದಕ್ಕೂ ಬಿಸಿಲು ಎಡಗಡೆಯೇ. ಎರಡೂ ಲೆಕ್ಕದಲ್ಲಿ ಬಲಗಡೆಯೇ ಗೆಲ್ಲುತ್ತದೆ. ಕೊನೆಗೊಂದು ಬೋನಸ್ಸೂ ಇದೆ. ಲಂಡನ್ನಿನ ಹೀಥ್ರೂನಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ವಿಮಾನಗಳು ಗಾಳಿಗೆ ಎದುರಾಗಿ ಇಳಿಯುತ್ತವೆ. ಹಾಗಾಗಿ ವರ್ಷದ ಸುಮಾರು ಶೇ 70ರಷ್ಟು ಕಾಲ ಅವು ಊರಿನ ಮೇಲೆಯೇ ಹಾದು ಪಶ್ಚಿಮಕ್ಕೆ ಮುಖಮಾಡಿ ಇಳಿಯುತ್ತವೆ. ಆಗ ಥೇಮ್ಸ್ ನದಿಯ ತಿರುವುಗಳು, ಟವರ್ ಬ್ರಿಡ್ಜ್, ಲಂಡನ್ನಿನ ನಡುಭಾಗವೆಲ್ಲ ಕಾಣುವುದು ಬಲಗಡೆಯ ಕಿಟಕಿಗೆ.

ನಮ್ಮ ಊರಿನ ಮಟ್ಟಿಗೆ ಈ ಸೂತ್ರಕ್ಕೆ ಒಂದು ತಿದ್ದುಪಡಿ ಬೇಕು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಸೂರ್ಯ ನಡುನೆತ್ತಿಗೆ ಬಂದು ನೆಟ್ಟ ಕಂಬದ ನೆರಳು ಮಾಯವಾಗುತ್ತದೆ. ಶೂನ್ಯ ನೆರಳಿನ ದಿನ ಎಂದು ಶಾಲೆ ಮಕ್ಕಳು ಕೋಲು ನೆಟ್ಟು ನೋಡುವುದು ಇದನ್ನೇ. ಈ ಎರಡು ದಿನಗಳ ನಡುವೆ ಬೆಂಗಳೂರಿನ ನಡುಹಗಲಿನ ಸೂರ್ಯ ಉತ್ತರದ ಕಡೆ ಇರುತ್ತಾನೆ, ದಕ್ಷಿಣಕ್ಕಲ್ಲ. ಆದರೂ ಯುರೋಪಿಗೆ ಹೋಗುವ ವಿಮಾನ ಎರಡು ಗಂಟೆಯ ಆಸುಪಾಸಿನಲ್ಲಿ ಕರ್ಕಾಟಕ ವೃತ್ತವನ್ನು ದಾಟುತ್ತದೆ. ಅಲ್ಲಿಂದಾಚೆ ಸೂತ್ರ ಮತ್ತೆ ನೇರವಾಗುತ್ತದೆ. ಸಿಂಗಪುರದಂತಹ ಊರಿಗೆ ಹೋಗುವವರು ಮಾತ್ರ ತಿಂಗಳು ನೋಡಿ ಲೆಕ್ಕ ಹಾಕಬೇಕು.

ನೆರಳಿನ ಕಡೆಗೇ ಮೀಸಲಾದ ಒಂದು ನೋಟವಿದೆ. ಕೆಳಗೆ ಮೋಡದ ಹಾಸು ಇದ್ದು ಸೂರ್ಯ ಆಚೆ ಮಗ್ಗುಲಲ್ಲಿದ್ದರೆ, ವಿಮಾನದ ನೆರಳು ಮೋಡದ ಮೇಲೆ ಬೀಳುತ್ತದೆ. ಆ ನೆರಳಿನ ಸುತ್ತ ಕಾಮನಬಿಲ್ಲಿನ ಬಣ್ಣದ ಉಂಗುರಗಳು, ಕೆಲವೊಮ್ಮೆ ಒಂದರ ಹೊರಗೊಂದು ಎರಡು ಮೂರು, ವಿಮಾನದ ಜೊತೆಯಲ್ಲೇ ಓಡುತ್ತವೆ. ಗ್ಲೋರಿ ಎಂದು ಇದರ ಹೆಸರು. ಪ್ರಭಾವಳಿ ಎಂದರೆ ನಮಗೆ ಕೂಡಲೇ ಅರ್ಥವಾಗುತ್ತದೆ. ಮೋಡದ ಹನಿಗಳು ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುವುದರಿಂದ ಆಗುವ ಈ ಉಂಗುರ ಸೂರ್ಯನಿಗೆ ನೇರ ಎದುರು ಬಿಂದುವಿನಲ್ಲಷ್ಟೇ ಕಾಣುತ್ತದೆ. ಬಿಸಿಲ ಕಡೆಯವರು ಎಷ್ಟು ದುಡ್ಡು ಕೊಟ್ಟರೂ ಇದನ್ನು ನೋಡಲಾರರು. ಅದರ ನಟ್ಟನಡು ಇರುವುದು ನೋಡುವವರ ಕಣ್ಣಿನ ನೆರಳು ಬೀಳುವ ಜಾಗ. ವಿಮಾನ ಮೋಡಕ್ಕೆ ಹತ್ತಿರವಿದ್ದು ನೆರಳು ದೊಡ್ಡದಾಗಿದ್ದಾಗ ಗಮನಿಸಿದರೆ, ರೆಕ್ಕೆಯ ಹಿಂದೆ ಕೂತವರಿಗೆ ಉಂಗುರದ ನಡು ರೆಕ್ಕೆಯ ಹಿಂದೆಯೇ ಇರುತ್ತದೆ, ಮುಂದೆ ಕೂತವರಿಗೆ ಮೂತಿಯ ಬಳಿ. ಒಂದೇ ವಿಮಾನದಲ್ಲಿ ಪ್ರತಿಯೊಬ್ಬರಿಗೂ ಅವರವರದೇ ಪ್ರಭಾವಳಿ. 1894ರಲ್ಲಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ವೀಕ್ಷಣಾಲಯದಲ್ಲಿ ಸಿ.ಟಿ.ಆರ್. ವಿಲ್ಸನ್ ಎಂಬ ಯುವಕ ಇಂತಹ ಉಂಗುರಗಳನ್ನು ನೋಡಿ ಮರುಳಾದ. ಅವನ್ನು ಪ್ರಯೋಗಾಲಯದಲ್ಲಿ ಮತ್ತೆ ಮಾಡಿ ನೋಡಬೇಕೆಂದು ಗಾಜಿನ ಪಾತ್ರೆಯಲ್ಲಿ ಮೋಡ ಕಟ್ಟಲು ಹೊರಟವನಿಗೆ ಕೊನೆಗೆ ಸಿಕ್ಕದ್ದು ಅಣುಕಣಗಳ ಜಾಡು ತೋರಿಸುವ ಮೋಡಕೋಶ, 1927ರಲ್ಲಿ ಅದಕ್ಕೆ ನೊಬೆಲ್ ಪ್ರಶಸ್ತಿ. ಸಂಜೆ ಸೂರ್ಯ ಮುಳುಗಿದ ಮೇಲೂ ನೆರಳಿನ ಕಡೆ ಖಾಲಿಯಲ್ಲ: ಪೂರ್ವದ ಅಂಚಿನಿಂದ ಕಡುನೀಲಿ ಪಟ್ಟಿಯೊಂದು ಮೇಲೇಳುತ್ತದೆ, ಅದರ ಮೇಲೆ ನಸುಗೆಂಪು. ಆ ನೀಲಿ ಬಾನಿನ ಮೇಲೆ ಬಿದ್ದ ಭೂಮಿಯದೇ ನೆರಳು.

ದೇಶದೊಳಗೆ ಈ ಲೆಕ್ಕ ಕೈಕೊಡದ ಹಾದಿಯೆಂದರೆ ದೆಹಲಿಯಿಂದ ಬಾಗ್ಡೋಗ್ರಾ ಅಥವಾ ಗುವಾಹಟಿ. ಪೂರ್ವಕ್ಕೆ ಹೋಗುವಾಗ ಹಿಮಾಲಯ ಎಡಗಡೆ, ಅದೇ ನೆರಳಿನ ಕಡೆ. ಮರಳುವಾಗ ಎರಡೂ ಬಲಗಡೆ. 8,849 ಮೀಟರ್ ಎತ್ತರದ ಎವರೆಸ್ಟ್ ಅಡಿಯ ಲೆಕ್ಕದಲ್ಲಿ 29,000 ದಾಟುತ್ತದೆ, ವಿಮಾನ ಅದಕ್ಕಿಂತ ಐದಾರು ಸಾವಿರ ಅಡಿಯಷ್ಟೇ ಮೇಲಿರುತ್ತದೆ. ಹಾಗಾಗಿ ಶಿಖರ ಕೆಳಗೆಲ್ಲೋ ಬಿದ್ದಂತೆ ಕಾಣದೆ, ನೂರಾರು ಕಿಲೋಮೀಟರು ಉದ್ದದ ಬಿಳಿಗೋಡೆಯ ಮೇಲೆ ಕಣ್ಣಿನ ಮಟ್ಟಕ್ಕೇ ನಿಂತಿರುತ್ತದೆ. ಮಳೆಗಾಲ ಕಳೆದ ಮೇಲಿನ ಬೆಳಗುಗಳಲ್ಲಿ ಈ ಸೀಟಿಗೆ ಸಮನಾದದ್ದು ನಮ್ಮ ದೇಶದ ಆಕಾಶದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ತೀರ್ಪು.

ಮಗ್ಗುಲು ಗೊತ್ತಾದ ಮೇಲೆ ಸಾಲು. ಕಿಟಕಿ ಸೀಟು ಎಂದು ದುಡ್ಡು ಕೊಟ್ಟವರಿಗೆ ಹತ್ತು ಗಂಟೆಯೂ ಬೂದುಬಣ್ಣದ ರೆಕ್ಕೆಯೇ ಕಾಣುವುದುಂಟು. ಏರ್‌ಬಸ್ 320ರಂತಹ ವಿಮಾನಗಳಲ್ಲಿ ರೆಕ್ಕೆ ಇರುವುದು ಸುಮಾರು 10ರಿಂದ 20ನೇ ಸಾಲಿನ ನಡುವೆ. ದೊಡ್ಡ ವಿಮಾನಗಳಲ್ಲಿ ರೆಕ್ಕೆಯ ಮುಂದಿನ ಜಾಗವನ್ನು ಹೆಚ್ಚಾಗಿ ದುಬಾರಿ ದರ್ಜೆಗಳೇ ಹಿಡಿದಿರುತ್ತವೆ, ಸಾಮಾನ್ಯ ದರ್ಜೆಯವರು ರೆಕ್ಕೆ ದಾಟಿ ಬಾಲದ ಕಡೆಗೆ ಹೋಗಬೇಕು. ಅಲ್ಲಿ ಎಂಜಿನ್ನಿನ ಬಿಸಿಗಾಳಿಯಿಂದ ನೋಟ ಸ್ವಲ್ಪ ನಡುಗುತ್ತದೆ, ಫೋಟೊ ತೆಗೆಯುವವರಿಗೆ ಅದು ತೊಂದರೆ, ಬರಿಗಣ್ಣಿಗೆ ಅಷ್ಟೇನಲ್ಲ. ಕೆಲವು ಸಾಲುಗಳಿಗೆ ಕಿಟಕಿಯೇ ಇರುವುದಿಲ್ಲ. ಬೋಯಿಂಗ್ 737ರಲ್ಲಿ ಎ.ಸಿ. ಕೊಳವೆ ಗೋಡೆಯೊಳಗೆ ಹಾಯುವ ಕಡೆ ಬರೀ ಪ್ಲಾಸ್ಟಿಕ್ ಗೋಡೆ. ಹೀಗೆ ಕಿಟಕಿಯಿಲ್ಲದ ಕಿಟಕಿ ಸೀಟು ಮಾರಿದರೆಂದು 2025ರ ಆಗಸ್ಟ್‌ನಲ್ಲಿ ಅಮೆರಿಕದ ಎರಡು ವಿಮಾನ ಕಂಪನಿಗಳ ಮೇಲೆ ಪ್ರಯಾಣಿಕರು ಮೊಕದ್ದಮೆ ಹೂಡಿದರು. ಸೀಟಿನ ನಕ್ಷೆಯಲ್ಲಿ ರೆಕ್ಕೆ ಎಲ್ಲಿದೆ ಎಂದು ಒಮ್ಮೆ ನೋಡುವುದು ಇದಕ್ಕೇ. ವಿಮಾನದ ಮಾದರಿ ಆಯ್ದುಕೊಳ್ಳುವ ಅವಕಾಶವಿದ್ದರೆ ಬೋಯಿಂಗ್ 787 ಒಳ್ಳೆಯದು, ಅದರ ಕಿಟಕಿ 47 ಸೆಂ.ಮೀ. ಎತ್ತರ, ಬಗ್ಗದೆ, ಕತ್ತು ತಿರುಚದೆ ದಿಗಂತವನ್ನೂ ನೆಲವನ್ನೂ ಒಟ್ಟಿಗೆ ನೋಡಬಹುದು.

ಬಿಸಿಲ ಕಡೆಯ ಪರವಾಗಿ ವಾದಿಸುವವರಿದ್ದಾರೆ, ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಮುಳುಗುವ ಸೂರ್ಯ ಕಾಣುವುದು ಅತ್ತಲೇ. ಪಶ್ಚಿಮಕ್ಕೆ ಹೋಗುವ ವಿಮಾನ ಭೂಮಿಯ ತಿರುಗುವಿಕೆಗೆ ಎದುರಾಗಿ ಓಡುವುದರಿಂದ ಸಂಜೆ ಹಿಗ್ಗುತ್ತದೆ: ಸಮಭಾಜಕದಲ್ಲಿ ಭೂಮಿ ಗಂಟೆಗೆ 1,670 ಕಿ.ಮೀ. ವೇಗದಲ್ಲಿ ತಿರುಗಿದರೆ ಲಂಡನ್ನಿನ ಅಕ್ಷಾಂಶದಲ್ಲಿ ಅದು 1,040ಕ್ಕೆ ಇಳಿಯುತ್ತದೆ, ಜೆಟ್ ವಿಮಾನ ಅದರ ಹತ್ತಿರ ಹತ್ತಿರ 900ರಲ್ಲಿ ಓಡುತ್ತದೆ. ಊರಿನಲ್ಲಿ ನಿಮಿಷಗಳಲ್ಲಿ ಮುಗಿಯುವ ಕೆಂಪು ಅಲ್ಲಿ ಗಂಟೆಗಟ್ಟಲೆ ನಿಲ್ಲಬಹುದು. ಬಿಸಿಲಿನ ಕಡೆಯ ನೀರು ಹೊಳೆಯುವುದೂ ನಿಜ. ಬೆಳಗ್ಗೆ ಬೆಂಗಳೂರಿನಿಂದ ಮೇಲೇರುವಾಗ ಕೋಲಾರದ ಕಡೆಯ ಕೆರೆಗಳು ಒಂದಾದ ಮೇಲೊಂದು ಕನ್ನಡಿ ಹಿಡಿದಂತೆ ಮಿಂಚಿ ಆರುವುದು ಸೂರ್ಯನ ದಿಕ್ಕಿಗೆ ನೋಡುವವರಿಗೆ ಮಾತ್ರ. ಆದರೆ ಈ ಸೊಗಸುಗಳಿಗೆ ಹೊತ್ತು ಬೇಕು. ಸೂರ್ಯ ದಿಗಂತಕ್ಕೆ ಹತ್ತಿರವಿದ್ದರಷ್ಟೇ ಅವು. ಸಂಜೆಯೊಳಗೇ ಸಾಗುವ ಹಾರಾಟವಾದರೆ ಬಿಸಿಲ ಕಡೆಯೇ ಕೂರಿ, ನನ್ನ ತಕರಾರಿಲ್ಲ. ಹಗಲೆಲ್ಲ ಸಾಗುವ ಹಾರಾಟದಲ್ಲಿ ಅರ್ಧ ಗಂಟೆಯ ಸೊಗಸಿಗೆ ಎಂಟು ಗಂಟೆಯ ಕಣ್ಣುಕುಕ್ಕು ಕೊಳ್ಳುವುದು ತುಟ್ಟಿ.

ಇನ್ನೊಂದು ಆಕ್ಷೇಪ ಮೋಡದ್ದು ಮತ್ತು ಸಮುದ್ರದ್ದು. ಹೊರಗೆ ಬಿಳಿಯೋ ನೀಲಿಯೋ ಬಿಟ್ಟರೆ ಇನ್ನೇನಿದೆ ಎನ್ನುತ್ತಾರೆ. ಮೋಡದ ಉತ್ತರ ಆಗಲೇ ಸಿಕ್ಕಿದೆ: ಮೋಡವಿಲ್ಲದೆ ಪ್ರಭಾವಳಿ ಇಲ್ಲ. ಸಮುದ್ರದ ನೀಲಿಗೆ ಉತ್ತರ ಕೊಟ್ಟವರು ಸಿ.ವಿ. ರಾಮನ್. 1921ರಲ್ಲಿ ಇಂಗ್ಲೆಂಡಿನಿಂದ ನರ್ಕುಂಡಾ ಹಡಗಿನಲ್ಲಿ ಮರಳುವಾಗ ಅವರ ಕೈಯಲ್ಲಿದ್ದದ್ದು ಒಂದು ಪುಟ್ಟ ನಿಕೋಲ್ ಪ್ರಿಸಮ್. ಅದರಿಂದ ನೀರಿನ ಮೇಲ್ಮೈಯ ಪ್ರತಿಫಲನವನ್ನು ಅಡಗಿಸಿ ನೋಡಿದರೂ ಮೆಡಿಟರೇನಿಯನ್ ಸಮುದ್ರದ ನೀಲಿ ಹಾಗೇ ಉಳಿಯಿತು, ಇನ್ನೂ ಗಾಢವಾಯಿತು. ಸಮುದ್ರದ ಬಣ್ಣ ಆಕಾಶದ ಪ್ರತಿಬಿಂಬ ಎಂಬ ಅಂದಿನ ನಂಬಿಕೆ ಅಲ್ಲಿಗೆ ಬಿತ್ತು. ನೀರಿನ ಅಣುಗಳೇ ಬೆಳಕನ್ನು ಚೆದರಿಸುತ್ತವೆ ಎಂಬ ಆ ಎಳೆಯನ್ನು ಹಿಡಿದು ಹೋದವರು 1928ರಲ್ಲಿ ರಾಮನ್ ಪರಿಣಾಮವನ್ನು ಕಂಡರು. 1933ರಿಂದ ಕೊನೆಯವರೆಗೂ ಅವರು ಬೆಂಗಳೂರಿನವರೇ ಆದರು. ಇಂದು ವಿಮಾನದಲ್ಲಿ ಅದೇ ಸಮುದ್ರದ ಮೇಲೆ ಹೋಗುವವರು ಗಮನಿಸಲಿ: ಪ್ರತಿಫಲನದ ಹೊಳಪು ಇರುವುದು ಬಿಸಿಲ ಕಡೆ, ನೀರಿನ ಒಳಬಣ್ಣ ಕಾಣುವುದು ನೆರಳಿನ ಕಡೆ. ಪೋಲರಾಯ್ಡ್ ತಂಪು ಕನ್ನಡಕ ಹಾಕಿದವರು ಮಾತ್ರ ಅದನ್ನು ತೆಗೆದಿಡಬೇಕು. ಕಿಟಕಿಯ ಪ್ಲಾಸ್ಟಿಕ್ಕನ್ನು ಹಿಗ್ಗಿಸಿ ತಯಾರಿಸಿರುವುದರಿಂದ ಆ ಕನ್ನಡಕದಲ್ಲಿ ಗಾಜಿನ ತುಂಬ ಬಣ್ಣದ ಪಟ್ಟೆಗಳೇ ಕಾಣುತ್ತವೆ.

ಹೊರಗೆ ನೋಡಬೇಕೆಂದರೂ ಶೇಡ್ ಎಳೆಯಿರಿ ಎನ್ನುತ್ತಾರಲ್ಲ ಎಂಬ ದೂರು ನ್ಯಾಯವಾದದ್ದು. ಊಟವಾದ ಕೂಡಲೇ ಕ್ಯಾಬಿನ್ ಕತ್ತಲಾಗುತ್ತದೆ, ಪಕ್ಕದವರು ಮಲಗುತ್ತಾರೆ, ಅವರ ಮುಖಕ್ಕೆ ಬಿಸಿಲಿನ ಪಟ್ಟಿ ಹೊಡೆಯುವಂತೆ ಕಿಟಕಿ ತೆರೆದಿಡುವುದು ಸರಿಯಲ್ಲ. ನೆರಳಿನ ಕಡೆಗೆ ನನ್ನ ಬಲವಾದ ವಾದ ಇದೇ. ಅಲ್ಲಿ ಕಿಟಕಿ ತೆರೆದರೆ ಒಳಗೆ ಬರುವುದು ಆಕಾಶದ ಮೆತ್ತನೆ ಬೆಳಕು, ನೇರ ಬಿಸಿಲಲ್ಲ. ಶೇಡನ್ನು ಒಂದು ಗೇಣು ಎತ್ತಿಟ್ಟು ನೋಡಿದರೆ ಯಾರ ನಿದ್ದೆಗೂ ಭಂಗವಿಲ್ಲ, ಸಿಬ್ಬಂದಿಗೂ ಮುಚ್ಚಿಸುವ ಕಾರಣ ಕಡಿಮೆ. ಇನ್ನು ಐಲ್ ಸೀಟಿನ ಪರವಾಗಿ ಹೇಳುವುದು ಆರೋಗ್ಯದ ಮಾತು, ಅದನ್ನು ಒಪ್ಪಲೇಬೇಕು. ಗಂಟೆಗಟ್ಟಲೆ ಅಲುಗದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಕಿಟಕಿ ಪಕ್ಕದವರು ಸಂಕೋಚಪಟ್ಟು ಏಳದೇ ಉಳಿಯುತ್ತಾರೆ. ಮೊದಲೇ ಈ ತೊಂದರೆ ಇದ್ದವರು, ತುಂಬು ಗರ್ಭಿಣಿಯರು, ಪದೇಪದೇ ಏಳಬೇಕಾದ ಹಿರಿಯರು ಐಲ್ ಸೀಟನ್ನೇ ಹಿಡಿಯಲಿ. ಉಳಿದವರು ಎರಡು ಗಂಟೆಗೊಮ್ಮೆ ಪಕ್ಕದವರನ್ನು ಕೇಳಿ ಎದ್ದು ಬರಲಿ. ಏರ್‌ಬಸ್ 330ರಲ್ಲಿ ಕಿಟಕಿ ಕಡೆ ಇಬ್ಬರ ಸೀಟೇ ಇರುವುದರಿಂದ ಒಬ್ಬರನ್ನಷ್ಟೇ ಎಬ್ಬಿಸಿದರೆ ಸಾಕು. ದುಡ್ಡಿನ ಪ್ರಶ್ನೆಗೂ ಮಗ್ಗುಲಿನ ಲೆಕ್ಕ ನೆರವಾಗುತ್ತದೆ: ದುಬಾರಿ ಸಾಲು ಕೊಳ್ಳದೆ, ವೆಬ್ ಚೆಕ್-ಇನ್ ತೆರೆದ ಕೂಡಲೇ ಉಳಿದದ್ದರಲ್ಲಿ ಸರಿಯಾದ ಮಗ್ಗುಲಿನ ಹಿಂದಿನ ಸಾಲು ಹಿಡಿದರೂ ಮುಕ್ಕಾಲು ಪಾಲು ಕೆಲಸವಾದಂತೆ.

ಹಾದಿ ಮಾತ್ರ ಪ್ರತಿ ಸಲ ಒಂದೇ ಇರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ನಮ್ಮ ಕಂಪನಿಗಳ ಎಷ್ಟೋ ಹಾರಾಟಗಳು ಅರಬ್ಬಿ ಸಮುದ್ರದ ಮೇಲೆ ಸುತ್ತಿಹೋದವು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ವಿಮಾನ ತಂದದ್ದು ಉತ್ತರ ಧ್ರುವದ ಮೇಲಿನಿಂದ; ಧ್ರುವದ ನೇರ ಮೇಲೆ ಎಡಗಡೆಯೂ ದಕ್ಷಿಣ, ಬಲಗಡೆಯೂ ದಕ್ಷಿಣ. ನಿಮ್ಮ ವಿಮಾನದ ಸಂಖ್ಯೆಯನ್ನು ಫ್ಲೈಟ್‌ರಾಡಾರ್24ರಂತಹ ತಾಣದಲ್ಲಿ ಹಾಕಿ ಹಿಂದಿನ ಕೆಲವು ದಿನ ಅದು ಯಾವ ದಾರಿ ಹಿಡಿಯಿತೆಂದು ನೋಡುವುದು ಎರಡು ನಿಮಿಷದ ಕೆಲಸ. ಸೂರ್ಯನ ಲೆಕ್ಕವನ್ನು ಮೊದಲು ಇಡಬೇಕೆನ್ನುವುದೂ ಇದಕ್ಕೇ. ಹಾದಿ ನೂರಿನ್ನೂರು ಕಿಲೋಮೀಟರು ಸರಿದರೆ ಬೆಟ್ಟ ಎಡದಿಂದ ಬಲಕ್ಕೆ ಹೋಗಬಹುದು, ನೆರಳು ಹೋಗುವುದಿಲ್ಲ.

ರಾತ್ರಿಯ ಹಾರಾಟದಲ್ಲಿ ಸೂರ್ಯನ ಲೆಕ್ಕವಿಲ್ಲ, ದಿಕ್ಕಿನ ಲೆಕ್ಕ ಇದ್ದೇ ಇದೆ. ಅಮೆರಿಕದಿಂದ ಯುರೋಪಿಗೆ ರಾತ್ರಿ ಬರುವವರು ಎಡಗಡೆ ಕೂತರೆ ಉತ್ತರಕ್ಕೆ ಧ್ರುವಪ್ರಭೆ ಕಾಣುವ ಅವಕಾಶವುಂಟು. ಕೊಲ್ಲಿಯ ಮೇಲೆ ಬರುವವರಿಗೆ ತೈಲಬಾವಿಗಳ ಬೆಂಕಿ, ಏಪ್ರಿಲ್–ಮೇ ತಿಂಗಳಲ್ಲಿ ಊರಿಗೆ ಬರುವವರಿಗೆ ದೂರದ ಮೋಡದೊಳಗೆ ಸದ್ದಿಲ್ಲದೆ ಹೊತ್ತಿ ಆರುವ ಮಿಂಚು. ಇವಕ್ಕೆ ಬೇಕಾದದ್ದು ವಿಮಾನದವರು ಕೊಡುವ ಹೊದಿಕೆಯೊಂದೇ. ಅದನ್ನು ತಲೆಯ ಮೇಲಿಂದ ಕಿಟಕಿಗೆ ಮುಸುಕು ಹಾಕಿಕೊಂಡು, ಒಳಗಿನ ದೀಪದ ಪ್ರತಿಬಿಂಬ ಮರೆಮಾಡಿ, ಕಣ್ಣು ಕತ್ತಲೆಗೆ ಹೊಂದುವವರೆಗೆ ಹತ್ತು ನಿಮಿಷ ಕಾಯಿರಿ. ಬೆಳಕು ಹರಿದ ಮೇಲೆ ಬೆಂಗಳೂರಿಗೆ ಇಳಿಯುವವರಿಗೆ ಒಂದು ಮಾತು: ಕೆಂಪೇಗೌಡ ವಿಮಾನ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ, ನಂದಿ ಬೆಟ್ಟ ಅವುಗಳ ಉತ್ತರಕ್ಕಿದೆ. ಪೂರ್ವಕ್ಕೆ ಮುಖಮಾಡಿ ಇಳಿದರೆ ಬೆಟ್ಟ ಎಡಗಡೆಯ ಕಿಟಕಿಗೆ, ಪಶ್ಚಿಮಕ್ಕೆ ಮುಖಮಾಡಿ ಇಳಿದರೆ ಬಲಗಡೆಯ ಕಿಟಕಿಗೆ ಕಾಣುತ್ತದೆ.